ಎಂಟನೇ ಮೈಲಿಯಿಂದ ಹೆಸರಘಟ್ಟಕ್ಕೆ: ನಾಗಸಂದ್ರ ಸೀಮೆಯ ಸೈಕಲ್ ವಿಹಾರದ ಪೂರ್ವಚರಿತ್ರೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿಗಳನ್ನು ಒಂದೊಂದಾಗಿ ಹಿಂದಿಕ್ಕಿದ ಮೇಲೆ ಸಿಗುವ ನಾಗಸಂದ್ರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಳ್ಳುವ ತನಕ ನಗರದ ಅಧಿಕೃತ ಗಡಿಯ ಹೊರಗೇ ಇದ್ದ ಊರು. ಇದರ ಮಗ್ಗುಲಿನ ಕೂಡುರಸ್ತೆಯನ್ನು ಜನ ಇಂದಿಗೂ ಎಂಟನೇ ಮೈಲಿ ಎಂದೇ ಕರೆಯುತ್ತಾರೆ. ದೇಶವು ಕಿಲೋಮೀಟರಿನ ಲೆಕ್ಕಕ್ಕೆ ಹೊರಳಿ ಆರು ದಶಕಗಳು ಕಳೆದರೂ, ಮೈಲಿಗಲ್ಲೇ ಕಣ್ಮರೆಯಾದರೂ, ಹೆಸರು ಮಾತ್ರ ಅಂಗಡಿಗಳ ಫಲಕದಲ್ಲಿಯೂ ಬಸ್ ಕಂಡಕ್ಟರುಗಳ ಬಾಯಲ್ಲಿಯೂ ಉಳಿದುಕೊಂಡಿದೆ. ಇಲ್ಲಿಂದ ಕವಲೊಡೆದು ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ, ತರಬನಹಳ್ಳಿಗಳ ಮೂಲಕ ಸಾಗುವ ರಸ್ತೆಯು ಹೆಸರಘಟ್ಟದ ಕೆರೆಯನ್ನೂ ಅದರ ಸುತ್ತಲಿನ ಹುಲ್ಲುಗಾವಲನ್ನೂ ತಲುಪುತ್ತದೆ. ಭಾನುವಾರದ ಬೆಳಗಿನ ಜಾವ ಈ ದಾರಿಯಲ್ಲಿ ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ನೀರಿನ ಚೀಲ, ಕೆಲವರ ಕೊರಳಿಗೆ ದುರ್ಬೀನು ಧರಿಸಿದ ಸೈಕಲ್ ಸವಾರರು ಸಾಲುಗಟ್ಟಿ ಹೋಗುವುದು ಈಚಿನ ಎರಡು ದಶಕಗಳಲ್ಲಿ ಬೆಳೆದ ರೂಢಿ. ಆದರೆ ಆ ವಿಹಾರಕ್ಕೆ ಆಧಾರವಾದ ಕೆರೆ, ಬಯಲು, ಸೈಕಲ್ಲು ತುಳಿಯುವ ಅಭ್ಯಾಸ ಇವುಗಳಲ್ಲಿ ಒಂದೂ ವಿಹಾರಕ್ಕಾಗಿ ಹುಟ್ಟಿದ್ದಲ್ಲ. ಕೆರೆಯನ್ನು ನಗರದ ಬಾಯಾರಿಕೆ ಕಟ್ಟಿಸಿತು, ಬಯಲನ್ನು ದನಗಳ ಮೇವು ಕಾಯಿತು, ಸೈಕಲ್ಲನ್ನು ಕಾರ್ಖಾನೆಯ ಸೈರನ್ನು ಓಡಿಸಿತು. ವಿರಾಮದ ಈ ಬಳುವಳಿ ಯಾರು ಯಾರ ದುಡಿಮೆಯಿಂದ ಬಂದುದೆಂಬುದನ್ನು ನೋಡಬೇಕಾದರೆ ಮೊದಲು ನೀರಿನಿಂದ ತೊಡಗಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬೆಂಗಳೂರಿನ ಪೇಟೆ ಮತ್ತು ದಂಡು, ಎಂದರೆ ಮೈಸೂರು ಸರ್ಕಾರದ ಆಡಳಿತದ ಹಳೆಯ ಊರು ಮತ್ತು ಬ್ರಿಟಿಷರ ಸೇನಾ ನೆಲೆ, ಎರಡೂ ಧರ್ಮಾಂಬುಧಿ, ಸಂಪಂಗಿ, ಮಿಲ್ಲರ್, ಹಲಸೂರು ಮುಂತಾದ ಕೆರೆಗಳನ್ನೂ ಲೆಕ್ಕವಿಲ್ಲದಷ್ಟು ಬಾವಿಗಳನ್ನೂ ನಂಬಿಕೊಂಡಿದ್ದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಗಳು ಬತ್ತುತ್ತಿದ್ದವು, ಮಳೆ ಬಂದ ವರ್ಷಗಳಲ್ಲಿ ಊರಿನ ಕೊಳಚೆಯೂ ಅವುಗಳಿಗೇ ಹರಿಯುತ್ತಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ನಗರದಿಂದ ವಾಯವ್ಯಕ್ಕೆ ಅರ್ಕಾವತಿ ನದಿಯ ಪಾತ್ರದಲ್ಲಿದ್ದ ಹೆಸರಘಟ್ಟದಲ್ಲಿ ನೀರು ಸಂಗ್ರಹಿಸಿ ಬೆಂಗಳೂರಿಗೆ ತರುವ ಯೋಜನೆ 1894ರಲ್ಲಿ ಕೈಗೂಡಿತು. ಅದೇ ವರ್ಷ ತೀರಿಕೊಂಡ ಮಹಾರಾಜರ ಹೆಸರಿನಲ್ಲಿ ಅದು ಚಾಮರಾಜೇಂದ್ರ ಜಲಕಾಮಗಾರಿ ಎಂದು ಕರೆಯಿಸಿಕೊಂಡಿತು. ಯೋಜನೆಯ ರೀತಿ ಸರಳವಾದರೂ ಜಾಣತನದ್ದು. ಕೆರೆಯಿಂದ ಹೊರಟ ನೀರು ಇಟ್ಟಿಗೆಯಲ್ಲಿ ಕಟ್ಟಿದ ಮುಚ್ಚುಗಾಲುವೆಯಲ್ಲಿ ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಹರಿದು ತರಬನಹಳ್ಳಿಯ ಕಡೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ನೆಲ ಏರುವುದರಿಂದ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದ ಪಂಪುಗಳು ಅದನ್ನು ಕೊಳವೆಗೆ ನೂಕುತ್ತಿದ್ದವು. ಮುಂದೆ ಮಲ್ಲೇಶ್ವರದ ಜ್ಯೂಯೆಲ್ ಫಿಲ್ಟರ್ ಎಂಬ ಶುದ್ಧೀಕರಣ ಕೇಂದ್ರದಲ್ಲಿ ಸೋಸಿದ ನೀರು ಪೇಟೆಗೂ ದಂಡಿಗೂ ಹಂಚಿಕೆಯಾಗುತ್ತಿತ್ತು. ತಗ್ಗಿದ ನೆಲದ ಮೇಲೆ ಕಾಲುವೆಯನ್ನು ಎತ್ತಿ ಹಿಡಿಯಲು ಕಟ್ಟಿದ ಇಟ್ಟಿಗೆಯ ಕಮಾನುಗಳ ಸಾಲಿನಲ್ಲಿ ಕೆಲವು ಇಂದಿಗೂ ಉಳಿದಿವೆ. ಕಮಾನಿನ ಒಳಮೈಯಲ್ಲಿ ಇಟ್ಟಿಗೆಗಳು ಒಂದರ ಹೆಗಲಿಗೊಂದು ಆನಿಸಿ ನಿಂತಿರುವ ಬಗೆಯನ್ನೂ ಅವುಗಳ ಸಂದಿನಲ್ಲಿ ಬೇರೂರಿರುವ ಅರಳಿಯ ಸಸಿಗಳನ್ನೂ ನೋಡಿದರೆ, ಒಂದು ಶತಮಾನದ ಭಾರ ಹೊತ್ತ ಕಟ್ಟಡಕ್ಕೆ ಈಗ ಗಿಡದ ಬೇರೇ ದೊಡ್ಡ ಶತ್ರುವೆಂಬುದು ತಿಳಿಯುತ್ತದೆ.

ಈ ಯೋಜನೆಯ ಆಯುಸ್ಸು ಅದನ್ನು ಕಟ್ಟಿಸಿದವರು ಎಣಿಸಿದಷ್ಟು ಇರಲಿಲ್ಲ. 1920ರ ದಶಕದಲ್ಲಿ ಮಳೆ ಕಡಿಮೆಯಾಗಿ ಕೆರೆ ಬರಿದಾದಾಗ ನಗರವು ಬೇರೆ ಜಲಮೂಲ ಹುಡುಕಬೇಕಾಯಿತು. 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ನದಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಎದ್ದು ನಿಂತಿತು, 1974ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಏರಿ ಬಂದಿತು. ಹೆಸರಘಟ್ಟದ ಮೇಲಣ ನಗರದ ಅವಲಂಬನೆ ಸಡಿಲಿದಂತೆ ಅದು ಏರಿಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂರುವವರ ತಾಣವಾಗತೊಡಗಿತು. ಕುಡಿಯುವ ನೀರಿನ ಕೆರೆಗಳು ಊರ ಜನರ ಹೊರಸಂಚಾರದ ಜಾಗಗಳಾದುದು ಇಲ್ಲಿ ಮಾತ್ರ ನಡೆದುದಲ್ಲ. ಕನ್ನಂಬಾಡಿಯ ಬೃಂದಾವನ ಅದರ ದೊಡ್ಡ ರೂಪ. ವ್ಯತ್ಯಾಸವೆಂದರೆ ಬೃಂದಾವನವನ್ನು ನೋಟಕರಿಗಾಗಿ ರೂಪಿಸಲಾಯಿತು, ಹೆಸರಘಟ್ಟವನ್ನು ನೋಟಕರು ತಾವಾಗಿಯೇ ಕಂಡುಕೊಂಡರು.

ಸೈಕಲ್ಲಿನ ಕಥೆ ಬೇರೆ ದಿಕ್ಕಿನಿಂದ ಬರುತ್ತದೆ. ಎರಡು ಚಕ್ರಗಳೂ ಸಮಗಾತ್ರದವಾಗಿದ್ದು ಹಿಂಚಕ್ರವನ್ನು ಸರಪಳಿ ತಿರುಗಿಸುವ ಮಾದರಿಯನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಮಾರುಕಟ್ಟೆಗೆ ತಂದನು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರನ್ನು ಸೇರಿಸಿದ ಮೇಲೆ ಮೂಳೆ ಅಲುಗಾಡಿಸುವ ಸಾಹಸವು ಮೈಗೆ ಹಿತವಾದ ಸವಾರಿಯಾಯಿತು. ಭಾರತಕ್ಕೆ ಅದು ಬ್ರಿಟಿಷ್ ಅಧಿಕಾರಿಗಳ, ಪಾದ್ರಿಗಳ, ಸಿರಿವಂತರ ಮೋಜಿನ ವಸ್ತುವಾಗಿ ಬಂದಿತೆಂಬುದನ್ನು ಗಮನಿಸಬೇಕು. ಎಂದರೆ ಇಲ್ಲಿ ಸೈಕಲ್ಲು ಮೊದಲು ವಿಹಾರದ ವಾಹನವಾಗಿತ್ತು, ಹೊಟ್ಟೆಪಾಡಿನ ವಾಹನವಾದದ್ದು ಆಮೇಲೆ. ಪರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ರ‍್ಯಾಲಿ, ಹಂಬರ್, ಹರ್ಕ್ಯುಲಿಸ್ ಸೈಕಲ್ಲುಗಳು ಮದುವೆಯಲ್ಲಿ ಅಳಿಯನಿಗೆ ಕೊಡುವ ಘನವಾದ ಉಡುಗೊರೆಗಳ ಪಟ್ಟಿ ಸೇರಿದ್ದವು. ಸ್ವಾತಂತ್ರ್ಯ ಬಂದ ನಂತರದ ವರ್ಷಗಳಲ್ಲಿ ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್ (1949), ಸೋನೆಪತ್‌ನಲ್ಲಿ ಅಟ್ಲಾಸ್ (1951), ಅಸನ್ಸೋಲ್ ಬಳಿ ಸೆನ್-ರ‍್ಯಾಲಿ (1952), ಲೂಧಿಯಾನದಲ್ಲಿ ಹೀರೋ (1956) ಕಾರ್ಖಾನೆಗಳು ಶುರುವಾದ ಮೇಲೆಯೇ ಸೈಕಲ್ಲು ಕೂಲಿಕಾರನ, ಗುಮಾಸ್ತನ, ಹಾಲು ಮಾರುವವನ ಕೈಗೆಟುಕಿತು.

ನಾಗಸಂದ್ರದ ಸೀಮೆಯಲ್ಲಿ ಈ ಬದಲಾವಣೆ ಒಮ್ಮೆಗೇ, ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಗಳೂ ಇಟಾಲಿಯನ್ ಯುದ್ಧಕೈದಿಗಳ ಶಿಬಿರವೂ ಇದ್ದ ಜಾಲಹಳ್ಳಿಯ ವಿಶಾಲ ಬಯಲಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ), ಎಂದರೆ ಯಂತ್ರಗಳನ್ನು ತಯಾರಿಸುವ ಯಂತ್ರಗಳ ಸರ್ಕಾರಿ ಕಾರ್ಖಾನೆ, ಸ್ಥಾಪನೆಯಾಯಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದೊಡನೆ ಎಚ್‌ಎಂಟಿಯ ಕೈಗಡಿಯಾರ ಘಟಕ ಕೆಲಸ ಆರಂಭಿಸಿತು. ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ಯಶವಂತಪುರದ ಬಳಿಗೆ ಸ್ಥಳಾಂತರಗೊಂಡಿತು. 1970ರ ದಶಕದಲ್ಲಿ ಪೀಣ್ಯದ ಹೊಲಗಳಲ್ಲಿ ಸಣ್ಣ ಕೈಗಾರಿಕೆಗಳ ಶೆಡ್ಡುಗಳು ಸಾಲುಗಟ್ಟಿದವು. 1940ರಲ್ಲಿ ಖಾಸಗಿ ಕಂಪನಿಯಾಗಿ ಹುಟ್ಟಿ 1956ರಲ್ಲಿ ಸರ್ಕಾರದ ವಶಕ್ಕೆ ಬಂದ ನಗರ ಬಸ್ ಸೇವೆಯು, ಜನರ ಬಾಯಲ್ಲಿ ಬಿಟಿಎಸ್, ಇಷ್ಟು ಕೆಲಸಗಾರರನ್ನು ಹೊತ್ತು ತರುವ ಸ್ಥಿತಿಯಲ್ಲಿರಲಿಲ್ಲ. ಕಾರ್ಖಾನೆಯ ಸ್ವಂತ ಬಸ್ಸುಗಳು ಮಲ್ಲೇಶ್ವರ, ರಾಜಾಜಿನಗರಗಳ ಕಡೆಗೆ ಓಡಿದರೂ, ಸುತ್ತಲ ಹಳ್ಳಿಗಳಿಂದ ಬರುವ ಗಂಡಾಳುಗಳಿಗೆ ಸೈಕಲ್ಲೇ ಗತಿಯಾಯಿತು. ಗಡಿಯಾರದ ಬಿಡಿಭಾಗಗಳನ್ನು ಜೋಡಿಸುವ ವಿಭಾಗದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದಿದ್ದರೂ ಅವರು ಸೈಕಲ್ ತುಳಿದು ಬರುವುದನ್ನು ಆ ಕಾಲದ ಊರುಗಳು ಸುಲಭವಾಗಿ ಒಪ್ಪುತ್ತಿರಲಿಲ್ಲ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚುವ ಯೋಜನೆಯನ್ನು ಆರಂಭಿಸಿದ ಬಳಿಕ ಹಳ್ಳಿಯ ಹುಡುಗಿಯರು ಗುಂಪಾಗಿ ಸೈಕಲ್ಲೇರಿ ಹೈಸ್ಕೂಲಿಗೆ ಹೋಗುವ ನೋಟ ಎಲ್ಲೆಡೆ ಸಾಮಾನ್ಯವಾಯಿತು; ಅಷ್ಟಾಗಲು ಅರ್ಧ ಶತಮಾನವೇ ಹಿಡಿಯಿತು.

ಪಾಳಿ ಬದಲಾಗುವ ಹೊತ್ತಿನಲ್ಲಿ ಸೈರನ್ ಕೂಗಿದೊಡನೆ ಜಾಲಹಳ್ಳಿಯ ಗೇಟುಗಳಿಂದ ಹೊರಬೀಳುತ್ತಿದ್ದ ಸೈಕಲ್ಲುಗಳ ಪ್ರವಾಹಕ್ಕೆ ಲಾರಿಗಳೂ ದಾರಿ ಬಿಡಬೇಕಾಗುತ್ತಿತ್ತು. ಆ ಸೈಕಲ್ಲುಗಳ ರೂಪ ಬಹುಮಟ್ಟಿಗೆ ಒಂದೇ ಬಗೆಯದು: ಕಪ್ಪು ಬಣ್ಣದ, ಅಡ್ಡಬಾರಿನ, ಇಪ್ಪತ್ತು ಕಿಲೋ ತೂಗುವ ಭಾರಿ ವಾಹನ, ಹಿಂದಿನ ಕ್ಯಾರಿಯರಿನ ಕ್ಲಿಪ್ಪಿಗೆ ಸಿಕ್ಕಿಸಿದ ಊಟದ ಡಬ್ಬಿ, ಹಿಂಚಕ್ರಕ್ಕೆ ತಾಗಿ ಗುಂಯ್‌ಗುಡುವ ಡೈನಮೊ, ಸೀಟಿನ ಕೆಳಗೆ ಚೈನು ಜಾರಿದಾಗ ಕೈಯ ಎಣ್ಣೆ ಒರೆಸಿಕೊಳ್ಳಲು ಸಿಗಿಸಿದ ಬಟ್ಟೆಯ ತುಂಡು. ಸರ್ಕಾರಿ ನೌಕರರಿಗೆ ಸಂಬಳದಲ್ಲಿ ಕಂತು ಮುರಿದುಕೊಳ್ಳುವ ಸೈಕಲ್ ಮುಂಗಡ ಸಿಗುತ್ತಿತ್ತು. ಸ್ಥಳೀಯ ಸಂಸ್ಥೆಗಳು ಸೈಕಲ್ಲಿಗೆ ತೆರಿಗೆ ವಿಧಿಸಿ, ಕಟ್ಟಿದವರಿಗೆ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದವು. ಬಿಲ್ಲೆಯಿಲ್ಲದವರನ್ನೂ, ಸಂಜೆಯ ಮೇಲೆ ದೀಪವಿಲ್ಲದವರನ್ನೂ, ಡಬಲ್ ರೈಡಿಂಗ್ ಮಾಡುವವರನ್ನೂ, ಎಂದರೆ ಒಂದೇ ಸೈಕಲ್ಲಿನಲ್ಲಿ ಇಬ್ಬರು ಹೋಗುವವರನ್ನೂ, ಪೊಲೀಸರು ತಡೆದು ದಂಡ ಹಾಕುತ್ತಿದ್ದರು, ಇಲ್ಲವೇ ಚಕ್ರದ ವಾಲ್‌ಟ್ಯೂಬ್ ಕಿತ್ತು ಗಾಳಿ ಬಿಟ್ಟು ಕಳುಹಿಸುತ್ತಿದ್ದರು. ದಂಡಕ್ಕಿಂತ ಈ ಎರಡನೆಯ ಶಿಕ್ಷೆಗೇ ಜನ ಹೆಚ್ಚು ಅಂಜುತ್ತಿದ್ದರೆಂದರೆ ಆಶ್ಚರ್ಯವಿಲ್ಲ, ಏಕೆಂದರೆ ಮುಂದಿನ ಸೈಕಲ್ ಶಾಪಿನವರೆಗೆ ವಾಹನವನ್ನು ತಳ್ಳಿಕೊಂಡೇ ಹೋಗಬೇಕಿತ್ತು.

ಈ ಸೈಕಲ್ ಶಾಪು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ಸಂಸ್ಥೆ. ಹೆದ್ದಾರಿಯ ಪ್ರತಿ ಕ್ರಾಸಿನಲ್ಲಿಯೂ ಒಂದರಂತೆ ಇದ್ದ ಈ ಅಂಗಡಿಗಳು ಗಾಳಿ ಹೊಡೆಯುವುದು, ಪಂಚರ್ ಹಾಕುವುದು, ಬೆಂಡಾದ ರಿಮ್ಮನ್ನು ಕಡ್ಡಿಗಳ ಬಿಗಿ ಹೊಂದಿಸಿ ನೇರ ಮಾಡುವುದು, ವರ್ಷಕ್ಕೊಮ್ಮೆ ಬಾಲ್ಸ್ ಬಿಚ್ಚಿ ಗ್ರೀಸು ತುಂಬುವ ಓವರ್‌ಹಾಲು ಇವುಗಳ ಜೊತೆಗೆ ಸೈಕಲ್ಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೂ ಕೊಡುತ್ತಿದ್ದವು. ಪಂಚರ್ ಹಾಕುವ ಕ್ರಮದಲ್ಲಿ ಒಂದು ವಿಧಿಯೇ ಇತ್ತು: ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿಸಿ, ತುಕ್ಕು ಹಿಡಿದ ಬಾಂಡಲಿಯ ನೀರಿನಲ್ಲಿ ಒಂದೊಂದೇ ಗೇಣು ಮುಳುಗಿಸುತ್ತ, ಗುಳ್ಳೆ ಎದ್ದಲ್ಲಿ ಬೆರಳೊತ್ತಿ, ಆ ಜಾಗವನ್ನು ಅರದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದು ಅರೆಬರೆ ಒಣಗುವ ತನಕ ಬೀಡಿ ಹೊತ್ತಿಸಿಕೊಂಡು ಕಾದು, ಹಳೆಯ ಟ್ಯೂಬಿನಿಂದ ಕತ್ತರಿಸಿದ ತುಂಡನ್ನು ಅಂಟಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು. ಬಾಡಿಗೆಯ ಲೆಕ್ಕಕ್ಕೆ ಎಣ್ಣೆ ಹಿಡಿದ ಒಂದು ಪುಸ್ತಕವಿರುತ್ತಿತ್ತು. ಅದರಲ್ಲಿ ಹುಡುಗನ ಹೆಸರು, ಅವನ ಅಪ್ಪನ ಹೆಸರು, ಹೊರಟ ವೇಳೆ ಇಷ್ಟನ್ನು ಬರೆದುಕೊಂಡರೆ ಜಾಮೀನು ಮುಗಿಯಿತು. ನಾಲ್ಕಾಣೆ ಎಂಟಾಣೆಗೆ ಸಿಗುತ್ತಿದ್ದ ಆ ಒಂದು ಗಂಟೆಯಲ್ಲಿ ಕಾಲು ನೆಲಕ್ಕೆಟುಕದ ಮಕ್ಕಳು ಅಡ್ಡಬಾರಿನ ಕೆಳಗಿನಿಂದ ಒಂದು ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದರು, ಆಮೇಲೆ ಬಾರಿನ ಮೇಲೆ, ಕೊನೆಗೆ ಸೀಟಿನ ಮೇಲೆ. ಬಿದ್ದು ಮಂಡಿ ತರಚಿಕೊಂಡವರಿಗೆ ಗಾಯಕ್ಕಿಂತ ಬೆಂಡಾದ ಪೆಡಲಿನ ಚಿಂತೆ ಹೆಚ್ಚು. ಸೈಕಲ್ಲು ದುಡಿಮೆಯ ವಾಹನವಾಗಿದ್ದ ಆ ಕಾಲದಲ್ಲಿಯೂ ಅದರ ವಿಹಾರದ ಮುಖ ಅಳಿದಿರಲಿಲ್ಲವೆಂಬುದಕ್ಕೆ ಈ ಬಾಡಿಗೆ ಗಂಟೆಯೇ ಸಾಕ್ಷಿ. ಅಪ್ಪನ ಸೈಕಲ್ಲು ವಾರವಿಡೀ ಕಾರ್ಖಾನೆಯ ಸ್ಟ್ಯಾಂಡಿನಲ್ಲಿ ಬೀಗ ಹಾಕಿಸಿಕೊಂಡು ನಿಂತಿದ್ದರೆ ಮಗನ ಆನಂದ ಬಾಡಿಗೆಯದಾಗಿರುತ್ತಿತ್ತು.

ಹಳ್ಳಿಗಳ ಕಡೆ ಇನ್ನೊಂದು ಮನರಂಜನೆಯೂ ಇದೇ ವಾಹನದ ಸುತ್ತ ಬೆಳೆದಿತ್ತು. ಊರ ಮೈದಾನದ ನಡುವೆ ಒಂದು ಕಂಬ ನೆಟ್ಟು, ಮೈಕು ಕಟ್ಟಿ, ಬಣ್ಣದ ಬಲ್ಬುಗಳ ಸರ ಇಳಿಬಿಟ್ಟು, ಒಬ್ಬ ಸಾಹಸಿಯು ಹಲವು ದಿನ ಸೈಕಲ್ಲಿನಿಂದ ಇಳಿಯದೆ ಕಂಬದ ಸುತ್ತ ಸುತ್ತುವ ಪ್ರದರ್ಶನಗಳು 1970 ಮತ್ತು 80ರ ದಶಕಗಳಲ್ಲಿ ಕರ್ನಾಟಕದ ಉದ್ದಗಲಕ್ಕೂ ನಡೆದವು. ಆತ ಸೈಕಲ್ಲಿನ ಮೇಲೆಯೇ ಉಣ್ಣುತ್ತಿದ್ದ, ಸ್ನಾನ ಮಾಡುತ್ತಿದ್ದ, ಬಟ್ಟೆ ಬದಲಿಸುತ್ತಿದ್ದ. ಸಂಜೆ ಜನ ಸೇರಿದಾಗ ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಸಿಕೊಳ್ಳುವುದು, ಸಿನಿಮಾ ಹಾಡಿಗೆ ಕುಣಿತ ಮೊದಲಾದವು ಸೇರಿಕೊಳ್ಳುತ್ತಿದ್ದವು, ಜನ ಆತನ ಶರಟಿಗೆ ನೋಟು ಚುಚ್ಚುತ್ತಿದ್ದರು. ಎಲ್ಲಿಗೂ ಹೋಗದ ಸೈಕಲ್ಲನ್ನು ನೋಡಲು ಊರಿಗೆ ಊರೇ ನೆರೆಯುತ್ತಿದ್ದುದರಲ್ಲಿ ಒಂದು ವಿನೋದವಿದೆ. ದಿನವೂ ಎಲ್ಲಿಗಾದರೂ ಹೋಗಲೇಬೇಕಾದ ಸೈಕಲ್ಲುಗಳ ಒಡೆಯರೇ ಅಲ್ಲಿಯ ಪ್ರೇಕ್ಷಕರಾಗಿದ್ದರು.

ಇಳಿಗಾಲ ಬೇಗ ಬಂದಿತು. 1972ರ ಲೂನಾ, 1980ರ ಟಿವಿಎಸ್ 50, 1985ರ ಹೀರೋ ಹೊಂಡಾ ಇವು ಪೆಡಲಿನಿಂದ ಕಾಲನ್ನು ಕ್ರಮೇಣ ಬಿಡಿಸಿದವು. ಹೆದ್ದಾರಿ ಅಗಲವಾಗಿ ಲಾರಿಗಳ ವೇಗ ಹೆಚ್ಚಿದಂತೆ ತುಮಕೂರು ರಸ್ತೆಯ ಅಂಚು ಸೈಕಲ್ಲಿಗೆ ಅಪಾಯದ ಜಾಗವಾಯಿತು. 2010ರಲ್ಲಿ ಪೀಣ್ಯದ ಮೇಲ್ಸೇತುವೆ ರಸ್ತೆ ತೆರೆಯಿತು, 2015ರ ಮೇ 1ರಂದು ಮೆಟ್ರೊ ನಾಗಸಂದ್ರಕ್ಕೆ ಬಂದಿತು, 2024ರ ನವೆಂಬರಿನಲ್ಲಿ ಅದು ಮಾದಾವರದವರೆಗೆ ಮುಂದುವರಿಯಿತು. ಬಾಡಿಗೆ ಸೈಕಲ್ಲಿನ ಅಂಗಡಿಗಳಲ್ಲಿ ಹಲವು ಬೈಕ್ ಗ್ಯಾರೇಜುಗಳಾದವು, ಉಳಿದವು ಮುಚ್ಚಿದವು. ಕೈಗಡಿಯಾರದ ಕಾರ್ಖಾನೆಯೇ ಸದ್ದಡಗಿದ ಮೇಲೆ ಪಾಳಿಯ ಪ್ರವಾಹವೂ ಬತ್ತಿತು.

ಸೈಕಲ್ಲು ಮರಳಿ ಬಂದಾಗ ಅದರ ಸವಾರನ ವರ್ಗ ಬದಲಾಗಿತ್ತು. ಮಾಹಿತಿ ತಂತ್ರಜ್ಞಾನದ ಕಂಪನಿಗಳಲ್ಲಿ ಇಡೀ ವಾರ ಕುರ್ಚಿಗೆ ಅಂಟಿಕೊಂಡಿದ್ದವರಿಗೆ ಭಾನುವಾರದ ಬೆವರು ಬೇಕಾಯಿತು. ಗೇರುಗಳಿದ್ದ ಹಗುರ ಸೈಕಲ್ಲುಗಳು, ಒಂದು ಮೊಪೆಡ್ಡಿಗಿಂತ ಹೆಚ್ಚಿನ ಬೆಲೆಗೆ, ಮಾರಾಟವಾದವು. ಡಿಸೆಂಬರ್ 2008ರಲ್ಲಿ ಬೆಂಗಳೂರಿನ ಹವ್ಯಾಸಿಗಳು ನೀಲಗಿರಿಗೆ ಹಲವು ದಿನಗಳ ಸೈಕಲ್ ಪ್ರವಾಸವನ್ನು, ಟೂರ್ ಆಫ್ ನೀಲಗಿರೀಸ್ ಎಂಬ ಹೆಸರಿನಲ್ಲಿ, ಮೊದಲ ಬಾರಿಗೆ ನಡೆಸಿದರು. ನಿಗದಿತ ವೇಳೆಯೊಳಗೆ 200, 300, 400, 600 ಕಿಲೋಮೀಟರುಗಳನ್ನು ಸ್ಪರ್ಧೆಯಿಲ್ಲದೆ ಕ್ರಮಿಸುವ ಫ್ರಾನ್ಸ್ ಮೂಲದ ಬ್ರೆವೆ ಸವಾರಿಗಳೂ ಬೇರೂರಿದವು. ನಗರದ ಉತ್ತರ ಭಾಗದವರಿಗೆ ಎರಡು ದಾರಿಗಳು ಮೆಚ್ಚಾದವು: ಹೆಬ್ಬಾಳ ದಾಟಿ ದೇವನಹಳ್ಳಿಯ ಮೇಲೆ ನಂದಿಬೆಟ್ಟಕ್ಕೆ ಏರುವುದೊಂದು, ಹೆಸರಘಟ್ಟಕ್ಕೆ ಹೋಗುವುದು ಇನ್ನೊಂದು. ನಂದಿಯ ದಾರಿಯಲ್ಲಿ ತೊಡೆಯ ಬಲದ ಪರೀಕ್ಷೆ. ಹೆಸರಘಟ್ಟದ ದಾರಿ, ಚಿಕ್ಕಬಾಣಾವರದ ರೈಲ್ವೆ ಹಳಿಯ ಬಳಿಯ ಇಕ್ಕಟ್ಟನ್ನು ಬಿಟ್ಟರೆ, ಆರಾಮದ ಸವಾರಿ, ಹಾಗಾಗಿ ನಿಂತು ನೋಡುವವರಿಗೆ ಹೇಳಿ ಮಾಡಿಸಿದ್ದು.

ನೋಡಲು ಅಲ್ಲಿ ಇದ್ದುದು ಹಕ್ಕಿಗಳು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಬಯಲುಗಳಿಂದ ಬರುವ ಹ್ಯಾರಿಯರ್‌ಗಳು, ಕನ್ನಡದ ಪಕ್ಷಿತಜ್ಞರು ಸೆಳೆವ ಎಂದು ಕರೆಯುವ ಉದ್ದ ರೆಕ್ಕೆಯ ಬೇಟೆಹಕ್ಕಿಗಳು, ಹುಲ್ಲಿನ ತುದಿಗೆ ತಾಗುವಂತೆ ತಗ್ಗಿನಲ್ಲಿ ತೇಲುತ್ತ, ಸದ್ದು ಕೇಳಿದಲ್ಲಿ ತಟ್ಟನೆ ರೆಕ್ಕೆ ಮಡಿಸಿ ಬೀಳುವುದನ್ನು ಕಾಣಲು ಇಲ್ಲಿ ಗಂಟೆಗಟ್ಟಲೆ ಕಾಯುವವರಿದ್ದಾರೆ. ಬೆಂಗಳೂರಿನ ಪಕ್ಷಿವೀಕ್ಷಕರ ಸಂಘ 1972ರಲ್ಲಿ ಆರಂಭವಾದರೂ, ಅದಕ್ಕೂ ಹಿಂದೆ ಊರಿನ ಸುತ್ತಲ ಕೆರೆ ಬಯಲುಗಳ ಹಕ್ಕಿಗಳನ್ನು ಚೆನ್ನಾಗಿ ಅರಿತಿದ್ದವರು ಉಲ್ಲಂಕಿ, ಬಾತುಗಳ ಮೇಲೆ ಕೋವಿ ಹಿಡಿದು ಹೊರಡುತ್ತಿದ್ದ ದಂಡಿನ ಅಧಿಕಾರಿಗಳು. ಆ ಕಾಲದ ಪಕ್ಷಿದಾಖಲೆಗಳಲ್ಲಿ ಬಹಳಷ್ಟು ಕೊಂದ ಹಕ್ಕಿಗಳ ದಾಖಲೆಗಳೇ. ಕೋವಿಯ ಜಾಗಕ್ಕೆ ದುರ್ಬೀನು ಬಂದ ಈ ಪಲ್ಲಟಕ್ಕೆ ಸಮುದ್ರದಲ್ಲಿ ದೊಡ್ಡ ನಿದರ್ಶನವಿದೆ. ತಿಮಿಂಗಿಲ ವೀಕ್ಷಣೆಯು 1950ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಗುಡ್ಡವೊಂದನ್ನು ಬೂದು ತಿಮಿಂಗಿಲಗಳ ವೀಕ್ಷಣಾ ತಾಣವೆಂದು ತೆರೆದಾಗ ಸಾರ್ವಜನಿಕ ರೂಢಿಯಾಯಿತು. 1955ರಲ್ಲಿ ಅಲ್ಲಿಯೇ ಒಂದು ಡಾಲರಿಗೆ ದೋಣಿಯಲ್ಲಿ ಕರೆದೊಯ್ಯುವ ವ್ಯಾಪಾರ ಶುರುವಾಯಿತು. ಆಗಿನ್ನೂ ಬೇಟೆ ನಿಂತಿರಲಿಲ್ಲ: 1966ರ ನವೆಂಬರಿನಲ್ಲಿ ಸೋವಿಯತ್ ನೌಕೆಗಳು ನಮ್ಮದೇ ಅರಬ್ಬಿ ಸಮುದ್ರದಲ್ಲಿ ಸುಮಾರು 240 ಗೂನುಬೆನ್ನಿನ ತಿಮಿಂಗಿಲಗಳನ್ನು ನಿಯಮ ಮೀರಿ ಕೊಂದವು. 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಘೋಷಿಸಲಾಯಿತು, 1986ರಿಂದ ವಾಣಿಜ್ಯ ಬೇಟೆಯ ಮೇಲಣ ಜಾಗತಿಕ ತಡೆ ಜಾರಿಗೆ ಬಂದಿತು. ಅಳಿದುಳಿದ ಆ ಸಂತತಿಯ ಒಂದು ಹೆಣ್ಣು, 2017ರಲ್ಲಿ ಒಮಾನಿನ ಬಳಿ ಉಪಗ್ರಹ ಸೂಚಕ ತೊಡಿಸಿಕೊಂಡದ್ದು, ಕಡಲು ದಾಟಿ ಭಾರತದ ಪಶ್ಚಿಮ ಕರಾವಳಿಯ ಗುಂಟ ದಕ್ಷಿಣಕ್ಕೆ ಸಾಗಿ ಮತ್ತೆ ಒಮಾನಿಗೆ ಮರಳಿತು. ಕಾರವಾರ, ಮುರ್ಡೇಶ್ವರಗಳ ದೋಣಿಗಳಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ ಕಾಣುವುದು ಡಾಲ್ಫಿನ್ನುಗಳು ಮಾತ್ರ. ತಿಮಿಂಗಿಲ ಕಂಡರೆ ಅದು ಸುದ್ದಿ.

ಹೆಸರಘಟ್ಟದ ಹುಲ್ಲುಗಾವಲು ಉಳಿದದ್ದು ಹಕ್ಕಿಗಳ ಮೇಲಣ ಪ್ರೀತಿಯಿಂದಲ್ಲ. ಪಶುಸಂಗೋಪನಾ ಇಲಾಖೆಯ ತಳಿ ಅಭಿವೃದ್ಧಿ ಕೇಂದ್ರಗಳಿಗೆ ಮೇವಿನ ಬಯಲು ಬೇಕಿತ್ತು. 1967ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ನೆಲೆಗೊಂಡಿತು. ಸರ್ಕಾರದ ಹೆಸರಿನಲ್ಲಿದ್ದುದರಿಂದಲೇ ಆ ನೆಲ, ಎಂಟನೇ ಮೈಲಿಯಿಂದ ಸೋಲದೇವನಹಳ್ಳಿಯವರೆಗಿನ ಹೊಲಗಳು ನಿವೇಶನಗಳಾದ ಹಾಗೆ ಆಗಲಿಲ್ಲ. ಖಾಲಿ ಬಿದ್ದ ಜಾಗವೆಂಬ ಭಾವನೆ ಆಡಳಿತದಲ್ಲಿ ಆಳವಾಗಿದ್ದ ಕಾರಣ ಚಿತ್ರನಗರಿಯನ್ನು ಇಲ್ಲಿ ಕಟ್ಟುವ ಪ್ರಸ್ತಾಪ ಮತ್ತೆ ಮತ್ತೆ ಎದ್ದಿತು. ಪರಿಸರಾಸಕ್ತರ ವಿರೋಧ, ಹೈಕೋರ್ಟಿನ ಮೆಟ್ಟಿಲು ಹತ್ತಿದ ವ್ಯಾಜ್ಯಗಳ ನಡುವೆ, ಸಂರಕ್ಷಣಾ ಮೀಸಲಿನ ಬೇಡಿಕೆಯನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ಒಮ್ಮೆ ತಳ್ಳಿಹಾಕಿ, 2024ರಲ್ಲಿ ಸುಮಾರು 5,678 ಎಕರೆಗಳ ಬೃಹತ್ ಹೆಸರಘಟ್ಟ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಒಪ್ಪಿಗೆ ಕೊಟ್ಟಿತು. ಸಂರಕ್ಷಣಾ ಮೀಸಲು ಎಂಬುದು ವನ್ಯಜೀವಿ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದ ವರ್ಗ; ಅಭಯಾರಣ್ಯದಂತಲ್ಲದೆ, ಅದರೊಳಗಿನ ಜನರ ಹಕ್ಕುಗಳು ಹಾಗೆಯೇ ಉಳಿಯುತ್ತವೆ, ಆದ್ದರಿಂದ ಸುತ್ತಲ ಹಳ್ಳಿಗಳ ದನ ಕುರಿಗಳಿಗೆ ಮೇವಿನ ದಾರಿ ಮುಚ್ಚುವುದಿಲ್ಲ. ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆಗೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯ ಸಂಘಟನೆಗಳಿಂದ ಮೂವರು, ಕೃಷಿ ಇಲಾಖೆಯಿಂದ ಒಬ್ಬರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಇನ್ನೊಂದು ಸ್ಥಾನ ಪಶುಸಂಗೋಪನಾ ಇಲಾಖೆಗೆ ಮೀಸಲು, ಹೆಸರಘಟ್ಟದ ಮಟ್ಟಿಗೆ ಅದು ನ್ಯಾಯವಾದದ್ದೇ.